ಒಂದು ತುಂಡು ರೊಟ್ಟಿಯ ಋಣ: ಪಂಡಿತಾ ರಮಾಬಾಯಿ

ನಮ್ಮ ಪಾಠಯೋಜನೆಯಲ್ಲಿ ಮೌಲ್ಯಗಳು ಎಂಬ ಒಂದು ಕಲಂ ಇರುತ್ತದೆ. ಬೇರೇನೂ ಹೊಳೆಯದಿದ್ದಾಗ ನಾವೆಲ್ಲ ಅಲ್ಲಿ ದಯೆ, ಕೃತಜ್ಞತೆ ಎಂದು ಬರೆದು ಮುಂದಿನ ಕಲಮಿಗೆ ಹೋಗುತ್ತೇವೆ. ಬೋಧನಾಭ್ಯಾಸದ ಎರಡನೆಯ ವಾರ ನಾನೂ ಹಾಗೆಯೇ ಬರೆದಿದ್ದೆ. ಅದೇ ದಿನ, ಮೂರು ದಿನದಿಂದ ತಡವಾಗಿ ಬರುತ್ತಿದ್ದ ಏಳನೆಯ ತರಗತಿಯ ಒಬ್ಬ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಅವಳ ತಾಯಿ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ನಸುಕಿನಲ್ಲೇ ಹೋಗುತ್ತಾಳೆ, ತಮ್ಮಂದಿರಿಗೆ ರೊಟ್ಟಿ ಬಡಿದು ಈ ಹುಡುಗಿ ಶಾಲೆಗೆ ಬರುತ್ತಾಳೆ ಎಂಬುದು ನನಗೆ ಗೊತ್ತಾದದ್ದು ಮರುದಿನ, ಅವಳ ಗೆಳತಿಯರಿಂದ. ನಾನು ವಿಚಾರಿಸಿಯೇ ಇರಲಿಲ್ಲ. ಪಾಠಯೋಜನೆಗೆ ಆಗಲೇ ಸಹಿ ಬಿದ್ದಿತ್ತು.

ಆ ವಾರದ ಪ್ರಾರ್ಥನಾ ಸಭೆಯಲ್ಲಿ ಒಬ್ಬ ಮಹನೀಯರ ಜೀವನ ಹೇಳುವ ಸರದಿ ನನ್ನದಾಗಿತ್ತು. ನಾನು ಪಂಡಿತಾ ರಮಾಬಾಯಿಯವರನ್ನು ಆರಿಸಿಕೊಂಡೆ. ದಯೆಯನ್ನು ಪಡೆದು, ಅದನ್ನು ಮರೆಯದೆ, ಕೊಟ್ಟವರಿಗಿಂತ ಹೆಚ್ಚಾಗಿ ಬೇರೆಯವರಿಗೆ ಹಿಂದಿರುಗಿಸಿದ ಬದುಕು ಅವರದು. ಸಭೆಯಲ್ಲಿ ಐದು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ.

ತಾಯಿಯ ಬಾಯಿಯೇ ಪುಸ್ತಕ

ರಮಾಬಾಯಿಯವರನ್ನು ಮಹಾರಾಷ್ಟ್ರದವರೆಂದು ನಾವು ಓದುತ್ತೇವೆ. ಆದರೆ ಅವರು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿ, 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸೀಮೆಯವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಪುಣೆಯಲ್ಲಿ ಓದುವಾಗ, ತಮ್ಮ ಗುರುಗಳು ಪೇಶ್ವೆಯ ಅರಮನೆಯ ಹೆಣ್ಣುಮಗಳೊಬ್ಬರಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಅವರು ಕಂಡಿದ್ದರು. ತಾನೂ ತನ್ನ ಹೆಂಡತಿಗೆ ಕಲಿಸಬೇಕೆಂಬ ಆಸೆ ಅಂದೇ ಅವರಲ್ಲಿ ಹುಟ್ಟಿತು. ಹೆಣ್ಣಿಗೆ ದೇವಭಾಷೆ ಕಲಿಸುವುದು ಆ ಕಾಲದಲ್ಲಿ ತಪ್ಪು. ಊರವರ ವಿರೋಧ ಬಂತು, ಪಂಡಿತರ ಮುಂದೆ ಉತ್ತರ ಕೊಡಬೇಕಾಯಿತು. ಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಯನ್ನು ಕರೆದುಕೊಂಡು ಕಾಡು ಸೇರಿದರು. ಅಲ್ಲಿ ಮನೆ ಕಟ್ಟಿ, ಹೆಂಡತಿಗೂ ಹುಡುಕಿಕೊಂಡು ಬಂದ ವಿದ್ಯಾರ್ಥಿಗಳಿಗೂ ಪಾಠ ಹೇಳಿದರು.

ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರು. ಅಲ್ಲಿಂದ ಮುಂದೆ ಆ ಮಗುವಿಗೆ ಸ್ವಂತ ಊರೂ ಇಲ್ಲ, ಶಾಲೆಯೂ ಇಲ್ಲ. ತಂದೆಗೆ ವಯಸ್ಸಾಗಿದ್ದರಿಂದ ತಾಯಿಯೇ ಗುರು. ಹಗಲೆಲ್ಲ ಕೆಲಸ. ಆದ್ದರಿಂದ ಪಾಠ ನಸುಕಿನಲ್ಲಿ. ನಿದ್ದೆಗಣ್ಣಿನ ಮಗಳನ್ನು ತಾಯಿ ಮುದ್ದಿನಿಂದ ಎಬ್ಬಿಸಿ, ಎತ್ತಿ ಕೂರಿಸಿಕೊಂಡು, ಶ್ಲೋಕ ಹೇಳಿಕೊಡುತ್ತಿದ್ದಳು. ತಾಯಿಯ ಬಾಯಿಯೇ ಪುಸ್ತಕ. ಹನ್ನೆರಡನೆಯ ವಯಸ್ಸಿಗೆ ಭಾಗವತದ 18,000 ಶ್ಲೋಕಗಳು ಆ ಹುಡುಗಿಗೆ ಬಾಯಿಪಾಠವಾಗಿದ್ದವು. ಮುಂದೆ ಆಕೆ ಲೋಕಪ್ರಸಿದ್ಧರಾದ ಮೇಲೂ ತನ್ನ ವಿದ್ಯೆಯ ಮೊದಲ ಋಣವನ್ನು ತಾಯಿಯ ಹೆಸರಿಗೇ ಬರೆದರು. ತಮ್ಮ ಪ್ರಸಿದ್ಧ ಇಂಗ್ಲಿಷ್ ಪುಸ್ತಕವನ್ನು ತಾಯಿಗೇ ಅರ್ಪಿಸಿದರು.

ಬರಗಾಲದ ರೊಟ್ಟಿ

1870ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬರ ಬಂತು. 1876–78ರ ಮಹಾ ಬರಗಾಲ ನಮ್ಮ ಸೀಮೆಯನ್ನೂ ಬಿಡಲಿಲ್ಲ. ಈಗ ದಾಳಿಂಬೆಗೆ ಹೆಸರಾದ ನಮ್ಮ ನೆರೆಯ ಕಲಾದಗಿ ಆಗ ಜಿಲ್ಲಾ ಕೇಂದ್ರವಾಗಿತ್ತು. ಮುಂಬಯಿ ಪ್ರಾಂತದಲ್ಲಿ ಬಹಳ ನಲುಗಿದ ಜಿಲ್ಲೆಗಳಲ್ಲಿ ಅದೂ ಒಂದು. ಆದರೆ ಡೋಂಗ್ರೆ ಕುಟುಂಬಕ್ಕೆ ಹಸಿವು ಅದಕ್ಕೂ ಮೊದಲೇ ಬಂದಿತ್ತು. ಪುರಾಣ ಹೇಳಿ ಬಂದ ದಾನದಲ್ಲಿ ಬದುಕುತ್ತಿದ್ದವರಿಗೆ ದಾನ ಕೊಡುವ ಕೈಗಳೇ ಬರಿದಾದವು. ಇದ್ದ ಹಣವನ್ನು ಪೂಜೆ, ದಾನ, ತೀರ್ಥಗಳಿಗೆ ಕಳೆದಿದ್ದರು. ಬೆಳ್ಳಿ, ಹಿತ್ತಾಳೆಯ ಪಾತ್ರೆಗಳೂ ಮಾರಿಹೋದವು. ಕೊನೆಗೆ ಕಾಡಿನಲ್ಲಿ 11 ದಿನ ನೀರು, ಎಲೆ, ಹಿಡಿಯಷ್ಟು ಕಾಡು ಹಣ್ಣಿನಲ್ಲೇ ಜೀವ ಹಿಡಿದರು. 1874ರಲ್ಲಿ ತಂದೆ ತೀರಿಕೊಂಡರು.

ಉಳಿದವರು ರಾಯಚೂರಿನ ಕಡೆ ಬಂದರು. ತಾಯಿ ಜ್ವರದಲ್ಲಿ ಮಲಗಿದ್ದಳು, ಒಂದು ತುಂಡು ರೊಟ್ಟಿಗಾಗಿ ಹಂಬಲಿಸುತ್ತಿದ್ದಳು. ಹದಿನಾರರ ಆಸುಪಾಸಿನ ಮಗಳು ನೆರೆಯ ಬ್ರಾಹ್ಮಣ ಗೃಹಿಣಿಯ ಬಾಗಿಲಿಗೆ ಹೋಗಿ ನಿಂತಳು. ಸಾವಿರಾರು ಶ್ಲೋಕ ಬಲ್ಲ ಬಾಯಿಗೆ ಒಂದು ರೊಟ್ಟಿ ಬೇಡಲು ಮಾತು ಬರಲಿಲ್ಲ. ನಾಚಿಕೆಯಿಂದ ಗಂಟಲು ಕಟ್ಟಿತು, ಕಣ್ಣಲ್ಲಿ ನೀರು ಬಂತು. ಆ ತಾಯಿ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. ರೊಟ್ಟಿ ಸಂತೋಷದಿಂದಲೇ ಸಿಕ್ಕಿತು. ಆದರೆ ಅದನ್ನು ತಿನ್ನುವ ಶಕ್ತಿ ಲಕ್ಷ್ಮೀಬಾಯಿಗೆ ಉಳಿದಿರಲಿಲ್ಲ. ಕೆಲವೇ ದಿನಗಳಲ್ಲಿ ಅವಳೂ ಹೋದಳು, ಕೆಲವು ತಿಂಗಳ ನಂತರ ಅಕ್ಕನೂ ಹೋದಳು.

ರೊಟ್ಟಿ ಕೊಟ್ಟ ಆ ತಾಯಿಯ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಇಪ್ಪತ್ತು ವರ್ಷಗಳಾದ ಮೇಲೆ, ಕ್ರೈಸ್ತರಾಗಿ, ದೊಡ್ಡ ಸಂಸ್ಥೆಯ ಒಡತಿಯಾಗಿ ರಮಾಬಾಯಿಯವರು ತಮ್ಮ ಬರಗಾಲದ ನೆನಪುಗಳನ್ನು ಬರೆದಾಗ ಆ ಬಾಗಿಲನ್ನು ಮರೆಯದೆ ದಾಖಲಿಸಿದರು. ದಯೆ ತಾನು ಸೇರಿದ ಮತದಲ್ಲಿ ಮಾತ್ರ ಇದೆ ಎಂದು ಅವರು ತಮ್ಮ ನೆನಪನ್ನು ತಿದ್ದಲಿಲ್ಲ.

ಪಂಡಿತೆಯಾದ ಅನಾಥೆ

ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಉತ್ತರ ಭಾರತದವರೆಗೆ ಸಾವಿರಾರು ಮೈಲಿ ನಡೆದರು. ಹೊದೆಯಲು ಬಟ್ಟೆಯಿಲ್ಲದೆ ಝೇಲಂ ನದಿಯ ದಂಡೆಯಲ್ಲಿ ಮರಳಿನಲ್ಲಿ ಕುಣಿ ತೋಡಿ, ಮೈಮೇಲೆ ಒಣಮರಳು ಎಳೆದುಕೊಂಡು ರಾತ್ರಿ ಕಳೆದದ್ದೂ ಉಂಟು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿನ ವಿದ್ವಾಂಸರು ಈ ತರುಣಿಯ ಸಂಸ್ಕೃತ ಜ್ಞಾನವನ್ನು ಪರೀಕ್ಷಿಸಿ ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದುಗಳು ಬಂದವು.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟು ಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ನಾಲ್ಕು ತುಂಬುವ ಮೊದಲೇ ಅವರು ಕೈಗೂಸಿನ ವಿಧವೆ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಆ ವರ್ಷ ಶಿಕ್ಷಣದ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ ಮರಾಠಿಯಲ್ಲಿ ಸಾಕ್ಷ್ಯ ನುಡಿದರು. ಶಿಕ್ಷಕಿಯರಿಗೆ ತರಬೇತಿ ಬೇಕು, ಅವರಿಗೆ ತಮ್ಮ ಭಾಷೆ ಚೆನ್ನಾಗಿ ಬರಬೇಕು, ಹೆಣ್ಣುಮಕ್ಕಳ ಶಾಲೆಗೆ ಮಹಿಳಾ ಇನ್‌ಸ್ಪೆಕ್ಟರುಗಳು ಬೇಕು, ಹೆಣ್ಣುಮಕ್ಕಳು ವೈದ್ಯರಾಗಬೇಕು ಎಂಬುದು ಅವರ ಒತ್ತಾಯ. ಶಿಕ್ಷಕ ತರಬೇತಿಯಲ್ಲಿರುವ ನಾವು ಈ ಸಾಕ್ಷ್ಯವನ್ನು ನೆನೆಯಬೇಕು. ನಮ್ಮ ತರಗತಿಯಲ್ಲಿ ಇಂದು ಇಷ್ಟು ಜನ ಹೆಣ್ಣುಮಕ್ಕಳು ಕೂತಿರುವುದಕ್ಕೆ ಇಂಥವರ ಮಾತೂ ಕಾರಣ.

ಫುಲ್ಹ್ಯಾಮಿನಲ್ಲಿ ಕಂಡದ್ದು

ತಾವೇ ವೈದ್ಯೆಯಾಗಬೇಕೆಂದು ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಹಡಗಿನ ಖರ್ಚಿಗೆ ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದು ಬಂದ ಹಣ ಆಧಾರ. ಆದರೆ ಕಿವಿ ದಿನೇ ದಿನೇ ಮಂದವಾಗುತ್ತಿದ್ದುದರಿಂದ ವೈದ್ಯಕೀಯದ ಆಸೆ ಕೈಬಿಡಬೇಕಾಯಿತು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸೋದರಿಯರು ತಾಯಿ ಮಗಳಿಬ್ಬರಿಗೂ ಆಶ್ರಯ ಕೊಟ್ಟರು. ಅವರಲ್ಲಿ ಸಿಸ್ಟರ್ ಜೆರಾಲ್ಡಿನ್ ಎಂಬುವರನ್ನು ಪ್ರೀತಿಯಿಂದ ಆಜೀಬಾಯಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದರು.

ಮತಗಳ ವಾದ ರಮಾಬಾಯಿಯವರಿಗೆ ಹೊಸದಲ್ಲ. ವಾದದಲ್ಲಿ ಅವರನ್ನು ಗೆಲ್ಲುವುದು ಸುಲಭವೂ ಅಲ್ಲ. ಅವರ ಮನಸ್ಸು ತಿರುಗಿದ್ದು ಬೇರೆ ಕಡೆ. ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ ಸೋದರಿಯರು ನಡೆಸುತ್ತಿದ್ದ ಒಂದು ಆಶ್ರಯಧಾಮವನ್ನು ನೋಡಲು ಅವರನ್ನು ಕಳಿಸಿದರು. ಸಮಾಜ ಹೊರಗೆ ಹಾಕಿದ, ದಾರಿ ತಪ್ಪಿದವರೆಂದು ಕರೆಸಿಕೊಂಡ ಹೆಂಗಸರು ಅಲ್ಲಿದ್ದರು. ಸೋದರಿಯರು ಅವರನ್ನು ಮನೆಯವರಂತೆ ನೋಡಿಕೊಳ್ಳುತ್ತಿದ್ದರು. ಅವರಲ್ಲೇ ಕೆಲವರು ಈಗ ರೋಗಿಗಳ ಸೇವೆ ಮಾಡುತ್ತಿದ್ದರು. ತಾನು ಓದಿದ ಶಾಸ್ತ್ರಗಳಲ್ಲಿ ಇಂಥ ಹೆಂಗಸರಿಗೆ ಶಿಕ್ಷೆಯನ್ನು ಕಂಡಿದ್ದ ರಮಾಬಾಯಿಯವರಿಗೆ ಇದು ಅಚ್ಚರಿ. ಇವರನ್ನು ಹೀಗೇಕೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಒಬ್ಬ ಸೋದರಿ ಉತ್ತರವಾಗಿ, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಸುವಾರ್ತೆಯ ಪ್ರಸಂಗವನ್ನು ತಿಳಿಸಿದರು. ಯಾರೂ ಮಾತಾಡಿಸದ ಹೆಂಗಸಿನ ಹತ್ತಿರ ಯೇಸು ಕುಡಿಯಲು ನೀರು ಕೇಳಿದ ಪ್ರಸಂಗ ಅದು.

ಸೇವೆಯನ್ನು ಮೊದಲು ಕಣ್ಣಾರೆ ಕಂಡು, ಆಮೇಲೆ ಅದರ ಕಾರಣವನ್ನು ಕೇಳಿದ್ದು ಇಲ್ಲಿ ಮುಖ್ಯ. 1883ರ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಅವರು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಕೃತಜ್ಞತೆ ಬೇರೆ, ಅಡಿಯಾಳುತನ ಬೇರೆ

ಆಶ್ರಯ ಕೊಟ್ಟವರು ಹೇಳಿದ್ದನ್ನೆಲ್ಲ ರಮಾಬಾಯಿಯವರು ಒಪ್ಪಿದರೇ? ಇಲ್ಲ. ಸಿಸ್ಟರ್ ಜೆರಾಲ್ಡಿನ್ ಅವರೊಂದಿಗೆ ಸಿದ್ಧಾಂತದ ಪ್ರಶ್ನೆಗಳಲ್ಲಿ ಪತ್ರಗಳ ಮೂಲಕ ವರ್ಷಗಟ್ಟಲೆ ವಾದಿಸಿದರು. ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುವಾಗ, ಅವರು ಗಂಡು ವಿದ್ಯಾರ್ಥಿಗಳಿಗೆ ಸಂಸ್ಕೃತ ಕಲಿಸುವುದು ಬೇಡವೆಂದು ಚರ್ಚಿನ ಹಿರಿಯರು ತಡೆದಾಗ ನೇರವಾಗಿ ವಿರೋಧಿಸಿದರು. ಅಲ್ಲಿನ ಊಟ ಉಡುಗೆಗಳನ್ನೂ ಹಿಡಿಯಲಿಲ್ಲ. ಕೊನೆಯವರೆಗೂ ಸೀರೆ ಉಟ್ಟರು, ಸಸ್ಯಾಹಾರಿಯಾಗಿಯೇ ಉಳಿದರು. ಇಷ್ಟಾದರೂ ಸೋದರಿಯರ ಉಪಕಾರವನ್ನು ಒಂದು ದಿನವೂ ಅಲ್ಲಗಳೆಯಲಿಲ್ಲ. ಉಪಕಾರ ಪಡೆದವರು ತಲೆ ತಗ್ಗಿಸಿಯೇ ಇರಬೇಕೆಂದು ನಾವು ತಿಳಿದಿರುತ್ತೇವೆ. ರಮಾಬಾಯಿಯವರ ಕೃತಜ್ಞತೆ ತಲೆ ಎತ್ತಿ ನಿಂತ ಕೃತಜ್ಞತೆ.

1886ರಲ್ಲಿ ಅವರು ಅಮೆರಿಕಕ್ಕೆ ಹೋದರು. ತಮ್ಮ ಬಂಧು ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವುದನ್ನು ಕಣ್ಣಾರೆ ಕಂಡರು. ಅಲ್ಲಿಯೇ ಫ್ರೋಬೆಲರ ಶಿಶುವಿಹಾರ ಪದ್ಧತಿಯನ್ನು ಅಭ್ಯಾಸ ಮಾಡಿದರು. ನಮ್ಮ ಶಿಕ್ಷಣ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಫ್ರೋಬೆಲ್ ಬಂದಾಗ ಈ ಹೆಸರನ್ನೂ ನೆನಪಿಟ್ಟುಕೊಳ್ಳಬಹುದು. 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ರಮಾಬಾಯಿ ಸಂಘ ಅವರ ಶಾಲೆಗೆ ಹತ್ತು ವರ್ಷ ನೆರವು ಕೊಡಲು ಒಪ್ಪಿತು.

ಶಾರದಾ ಸದನ

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂತು. ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂರಬೇಕಾಗಿದ್ದ ಹೆಣ್ಣುಮಕ್ಕಳು ಅಲ್ಲಿ ಓದಿದರು, ಶಿಕ್ಷಕಿಯರಾದರು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮರುಮದುವೆಯಾದರು. ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದ ಮಹರ್ಷಿ ಕರ್ವೆ ಇವರೇ.

ಅದೇ ವರ್ಷ ಸದನದ ಮೇಲೆ ಬಿರುಗಾಳಿಯೂ ಎದ್ದಿತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದಿರುತ್ತಿತ್ತು, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ಶಿಕ್ಷಣದ ಹೆಸರಿನಲ್ಲಿ ಮತಾಂತರ ನಡೆದಿದೆ ಎಂದು ಪತ್ರಿಕೆಗಳು ಬರೆದವು. ರಾನಡೆ, ಭಾಂಡಾರ್ಕರರಂಥ ಹಿತೈಷಿಗಳೂ ಸಲಹಾ ಸಮಿತಿಯಿಂದ ಹೊರಬಂದರು. ಹಲವು ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು. ಟೀಕಾಕಾರರ ಆತಂಕಕ್ಕೆ ಕಾರಣ ಇರಲಿಲ್ಲವೆಂದು ಹೇಳಲಾಗದು. ಮುಂದೆ ಅವರ ಆಶ್ರಯದಲ್ಲಿ ಬೆಳೆದ ಬಹಳಷ್ಟು ಮಕ್ಕಳು ಕ್ರೈಸ್ತರಾದರು. ಆದರೆ ಆ ಮಕ್ಕಳಿಗೆ ಆಗ ಬೇರೆ ಯಾರ ಬಾಗಿಲು ತೆರೆದಿತ್ತು ಎಂಬ ಪ್ರಶ್ನೆಯನ್ನೂ ನಾವು ಜೊತೆಯಲ್ಲೇ ಕೇಳಬೇಕು. ಎರಡನ್ನೂ ತರಗತಿಯಲ್ಲಿ ಮುಚ್ಚಿಡದೆ ಹೇಳುವುದು ಶಿಕ್ಷಕರ ಧರ್ಮ ಎಂದು ನನಗೆ ಅನ್ನಿಸುತ್ತದೆ.

ಕೇಡಗಾಂವದ ಮುಕ್ತಿ

1896–97ರಲ್ಲಿ ಮಧ್ಯ ಪ್ರಾಂತಗಳಲ್ಲಿ ಬರ ಬಿತ್ತು. ಸುದ್ದಿ ಓದಿದ ರಮಾಬಾಯಿಯವರಿಗೆ ತಮ್ಮ ಹಳೆಯ ಹಸಿವು ನೆನಪಾಯಿತು. ತಾವೇ ಅಲ್ಲಿಗೆ ಹೊರಟರು. ಬರದ ಕೇಂದ್ರಗಳಲ್ಲಿ ಅಲೆದು, ದಿಕ್ಕಿಲ್ಲದ ಹುಡುಗಿಯರನ್ನು ತಂಡ ತಂಡವಾಗಿ ಕರೆತಂದರು. ಅವರ ಸಂಖ್ಯೆ ಸುಮಾರು 300. ಆಗ ಪುಣೆಯಲ್ಲಿ ಪ್ಲೇಗ್. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಲು ಅಪ್ಪಣೆ ಇಲ್ಲ. ಪುಣೆ–ಸೊಲ್ಲಾಪುರ ರೈಲು ಮಾರ್ಗದ ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರು. ಮೊದಮೊದಲು ಡೇರೆಗಳಲ್ಲೇ ವಾಸ. ಅದೇ ಮುಂದೆ ಮುಕ್ತಿ ಎಂಬ ದೊಡ್ಡ ಸಂಸ್ಥೆಯಾಯಿತು. ಮುಂದೆ ಗುಜರಾತಿನ ಬರದಲ್ಲೂ ಹೀಗೆಯೇ ಮಕ್ಕಳು ಬಂದರು. ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತು.

ಮುಕ್ತಿಯ ದಿನಚರಿಯಲ್ಲಿ ಪವಾಡವೇನೂ ಇರಲಿಲ್ಲ. ಬಾವಿ ತೋಡಬೇಕು, ಇಷ್ಟು ಜನರಿಗೆ ಅಡುಗೆ ಮಾಡಬೇಕು, ಹುಣ್ಣು ತೊಳೆಯಬೇಕು, ಬಟ್ಟೆ ಒಗೆಯಬೇಕು, ಅಕ್ಷರ ಕಲಿಸಬೇಕು. ಹುಡುಗಿಯರು ನೇಯ್ದರು, ಗಾಣ ನಡೆಸಿದರು, ದನ ಸಾಕಿದರು, ಹೊಲ ಮಾಡಿದರು. ಅಚ್ಚುಮೊಳೆ ಜೋಡಿಸಿ ಮುದ್ರಣಾಲಯವನ್ನೂ ನಡೆಸಿದರು. ಕಣ್ಣು ಕಾಣದವರಿಗೆ ಬ್ರೈಲ್ ಕಲಿಸಲಾಯಿತು. ವಯಸ್ಸಾದವರಿಗೂ, ಬೀದಿಪಾಲಾದವರಿಗೂ ಬೇರೆ ಬೇರೆ ಮನೆಗಳಾದವು. ಫುಲ್ಹ್ಯಾಮಿನಲ್ಲಿ ಕಂಡದ್ದನ್ನು ಅವರು ಕೇಡಗಾಂವದ ಬಿಸಿಲಿನಲ್ಲಿ ಕಟ್ಟಿದರು. ತಮ್ಮ ಕೆಲಸವೆಲ್ಲ ಯೇಸುವಿನ ದಯೆಗೆ ತಾವು ಸಲ್ಲಿಸುವ ವಂದನೆ ಎಂದೇ ಅವರು ನಂಬಿದ್ದರು. ಅವರ ನಂಬಿಕೆಯಲ್ಲಿ ಪ್ರಾರ್ಥನೆ ಒಂದು ಕಡೆ, ಅಡುಗೆಮನೆ ಇನ್ನೊಂದು ಕಡೆ ಇರಲಿಲ್ಲ.

ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯ ಬಗ್ಗೆ ಅವರು ಪತ್ರಿಕೆಯಲ್ಲಿ ಬಹಿರಂಗವಾಗಿ ಸರ್ಕಾರವನ್ನು ಖಂಡಿಸಿದರು. ದಯೆ ಎಂದರೆ ಮೆತ್ತಗಿರುವುದು ಎಂದು ಅವರು ತಿಳಿದಿರಲಿಲ್ಲ.

ಹುಟ್ಟಿದ ನಾಡಿನ ಕಡೆಗೂ ಅವರ ಕೈ ಚಾಚಿತು. 1912ರಲ್ಲಿ ಆಗಿನ ನಿಜಾಮರ ಆಳ್ವಿಕೆಯ ಗುಲ್ಬರ್ಗಾದಲ್ಲಿ ಪ್ರೌಢಶಾಲೆ ಆರಂಭಿಸಿದರು. ಮಗಳು ಮನೋರಮಾ ಅದರ ಮುಖ್ಯೋಪಾಧ್ಯಾಯಿನಿಯಾದರು. ಒಂದು ಕಾಲಕ್ಕೆ ರಾಯಚೂರಿನ ಕಡೆ ರೊಟ್ಟಿ ಬೇಡಲು ನಿಂತಿದ್ದ ಹುಡುಗಿಯ ಮಗಳು, ಅದೇ ಸೀಮೆಯ ಪಕ್ಕದ ಜಿಲ್ಲೆಗೆ ಶಿಕ್ಷಕಿಯಾಗಿ ಬಂದಳು.

ಕೊನೆಯ ವರ್ಷಗಳಲ್ಲಿ ರಮಾಬಾಯಿಯವರು ಹೀಬ್ರೂ, ಗ್ರೀಕ್ ಕಲಿತು ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಬೈಬಲ್ ಅನುವಾದಿಸಿದರು. 1921ರ ಜುಲೈಯಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ಆ ದುಃಖದಲ್ಲೂ ಕೆಲಸ ನಿಲ್ಲಲಿಲ್ಲ. ಅನುವಾದದ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕಣ್ಣು ಮುಚ್ಚಿದರು. ಮುಕ್ತಿ ಇಂದಿಗೂ ನಡೆದಿದೆ. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ತರಗತಿಗೆ

ಈ ಜೀವನವನ್ನು ಎಂಟು, ಒಂಬತ್ತನೆಯ ತರಗತಿಗೆ ಒಂದು ಅವಧಿಯಲ್ಲಿ ಹೇಳಬಹುದು. ಭೂಪಟದಲ್ಲಿ ಗಂಗಾಮೂಲ, ರಾಯಚೂರು, ಕಲ್ಕತ್ತೆ, ಪುಣೆ, ಕೇಡಗಾಂವ, ಗುಲ್ಬರ್ಗಾ ಗುರುತಿಸಲು ಹೇಳಿದರೆ ಮಕ್ಕಳಿಗೆ ಅವರ ನಡಿಗೆಯ ದೂರ ಅರ್ಥವಾಗುತ್ತದೆ. ಕೊನೆಯಲ್ಲಿ ಎರಡು ಪ್ರಶ್ನೆ ಸಾಕು. ರಮಾಬಾಯಿಯವರಿಗೆ ದಯೆ ತೋರಿದವರು ಯಾರು ಯಾರು? ಅವರ ಋಣವನ್ನು ರಮಾಬಾಯಿಯವರು ಯಾರಿಗೆ ತೀರಿಸಿದರು? ಎರಡೂ ಪಟ್ಟಿಗಳನ್ನು ಕಪ್ಪು ಹಲಗೆಯ ಮೇಲೆ ಪಕ್ಕಪಕ್ಕ ಬರೆದರೆ ಹೆಸರುಗಳು ಬೇರೆ ಬೇರೆ ಎಂಬುದು ಮಕ್ಕಳಿಗೇ ಕಾಣುತ್ತದೆ. ರೊಟ್ಟಿ ಕೊಟ್ಟ ತಾಯಿಗೆ ರೊಟ್ಟಿ ಹಿಂದಿರುಗಲಿಲ್ಲ. ಅದು ಕೇಡಗಾಂವದ ಮಕ್ಕಳ ತಟ್ಟೆಗೆ ಹೋಯಿತು.

ಸಭೆಯಲ್ಲಿ ನಾನು ಈ ಕಥೆ ಹೇಳಿದ ದಿನ ಆ ಹುಡುಗಿ ಮತ್ತೆ ತಡವಾಗಿಯೇ ಬಂದಳು. ಒಳಗೆ ಕರೆದು ಕೂರಿಸಿದೆ. ತಪ್ಪಿದ ಹತ್ತು ನಿಮಿಷದ ಲೆಕ್ಕವನ್ನು ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಹೇಳಿಕೊಟ್ಟೆ. ಆ ಕೆಲಸಕ್ಕೆ ಪಾಠಯೋಜನೆಯಲ್ಲಿ ಕಲಂ ಇರಲಿಲ್ಲ.